ಹನ್ನೊಂದೇ ಗುಣ

ವಾಡಿಯ ವಿಠ್ಠಲ ಸಂಸ್ಕೃತವನ್ನು ಅರ್ಧ ಕಲಿತಿದ್ದ, ಕಂಪ್ಯೂಟರನ್ನು ಅರ್ಧ ಕಲಿತಿದ್ದ. ಎರಡು ಅರ್ಧ ಕೂಡಿದರೆ ಒಂದು ಪೂರ್ತಿ ಆಗುತ್ತದೆ ಎಂಬುದು ಅವನ ಲೆಕ್ಕ. ಊರವರ ಲೆಕ್ಕವೂ ಅದೇ ಆಗಿದ್ದರಿಂದ ಅವನ ಬಾಳು ಹಸನಾಗಿ ನಡೆದಿತ್ತು. ಸ್ಟೇಷನ್ನಿನ ಎದುರು ಖಂಡೆಪ್ಪನ ಮಳಿಗೆ ಹಿಡಿದು, ಸಾಲಾಗಿ ಕಂಪ್ಯೂಟರ್ ಇಟ್ಟು ಇಂಟರ್‌ನೆಟ್ ಅಂಗಡಿ ತೆರೆದಿದ್ದ. ಆದರೆ ಆ ಕಾಲದ ವಾಡಿಯಲ್ಲಿ ಇಂಟರ್‌ನೆಟ್ ಎಂಬುದು ನೀರಿನ ನಳದ ಹಾಗೆ, ಬಂದಾಗ ಬಂತು. ಅದಕ್ಕೇ ವಿಠ್ಠಲ ತನ್ನದೇ ಒಂದು ವೆಬ್‌ಸೈಟು ಕಟ್ಟಿ, ಅದನ್ನು ಅಂಗಡಿಯ ಮೂಲೆಯ ದೊಡ್ಡ ಯಂತ್ರದಲ್ಲೇ ಇಟ್ಟುಕೊಂಡಿದ್ದ. ಹೊರಗಿನ ತಂತಿ ಸತ್ತರೂ ಅದು ಅಂಗಡಿಯೊಳಗೆ ನಡೆಯುತ್ತಿತ್ತು.

ಆ ಸೈಟಿನ ಕೆಲಸ ಒಂದೇ. ಹುಡುಗಿಯ ಹೆಸರು, ನಕ್ಷತ್ರ, ರಾಶಿ ತುಂಬಬೇಕು, ಹುಡುಗನದೂ ತುಂಬಬೇಕು, ಗುಂಡಿ ಒತ್ತಬೇಕು. ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿದವೆಂದು ಅದು ದೊಡ್ಡ ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು. ಹದಿನೆಂಟಕ್ಕೆ ಮೇಲಿದ್ದರೆ ಮದುವೆ, ಕೆಳಗಿದ್ದರೆ ಮುಂದಿನ ಮನೆ. ಸೇಡಂ, ಶಹಾಬಾದ, ಚಿಂಚೋಳಿ, ಎಲ್ಲ ಕಡೆಯ ಆಚಾರ್ಯರ ಮನೆತನಗಳೂ ಹಳೆಯ ಪಂಚಾಂಗವನ್ನು ಗೂಟಕ್ಕೆ ತೂಗುಹಾಕಿ ವಿಠ್ಠಲನ ಅಂಗಡಿಗೆ ಬರತೊಡಗಿದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಚಪ್ಪಲಿಯ ಜೊತೆ ಬುದ್ಧಿಯನ್ನೂ ಅಲ್ಲೇ ಬಿಡುತ್ತಿದ್ದರು ಎಂದು ಪ್ರಮಿತಾಳ ಮತ.

ಪ್ರಮಿತಾ ಚಿತ್ತಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ವಾಡಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಿದ್ದಳು. ಅವಳ ಅಪ್ಪ ಪವಮಾನಾಚಾರ್ಯರು ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕ್ಲಾರ್ಕು. ಒಳ್ಳೆಯ ಮನುಷ್ಯ, ಆದರೆ ಅಚ್ಚಾದದ್ದನ್ನೆಲ್ಲ ನಂಬುವ ಜಾತಿ; ಪರದೆಯ ಮೇಲೆ ಮೂಡಿದ್ದನ್ನಂತೂ ಕೈಮುಗಿದು ನಂಬುವವರು. ಮಗಳಿಗೆ ಮೊದಲು ಕಲಬುರ್ಗಿಯ ಒಂದು ವರ ಬಂತು, ವಿಠ್ಠಲನ ಕಂಪ್ಯೂಟರು ಹನ್ನೊಂದು ಗುಣ ಎಂದಿತು. ಆಮೇಲೆ ರಾಯಚೂರಿನ ವರ ಬಂತು, ಅದಕ್ಕೂ ಹನ್ನೊಂದು. ಮೂರನೆಯವನಿಗೂ ಹನ್ನೊಂದೇ ಬಂದಾಗ ಬೇರೆ ಯಾರಾದರೂ ಯಂತ್ರಕ್ಕೆ ಏನೋ ಬಡಿದಿದೆ ಎನ್ನುತ್ತಿದ್ದರು. ಪವಮಾನಾಚಾರ್ಯರು ಮಾತ್ರ, ನಮ್ಮ ಹುಡುಗಿಯ ಗ್ರಹಗಳು ಎಷ್ಟು ಗಟ್ಟಿ ನೋಡು, ಒಂದಿಷ್ಟೂ ಅಲುಗಾಡಲಿಲ್ಲ ಎಂದು ನಿಟ್ಟುಸಿರು ಬಿಟ್ಟರು.

ಮೊದಲಿನ ಇಬ್ಬರು ಹೋದದ್ದಕ್ಕೆ ಪ್ರಮಿತಾಳಿಗೆ ಕಿಂಚಿತ್ತೂ ದುಃಖವಿರಲಿಲ್ಲ. ಮೂರನೆಯವನ ವಿಷಯ ಬೇರೆ. ಅವನು ಸೇಡಂನ ಪ್ರಾಣೇಶ. ಅಲ್ಲಿನ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. ನೋಡಲು ಬಂದ ದಿನ ಹಾಡು ಬರ್ತದೇನು, ಅಡಿಗಿ ಬರ್ತದೇನು ಎಂದು ಕೇಳಲಿಲ್ಲ. ನಿಮ್ಮ ಸಾಲಿಯೊಳಗ ಹುಡುಗರಿಗೆ ಏನು ಕಲಸ್ತೀರಿ ಎಂದು ಕೇಳಿದ. ಹೆಡ್‌ಮಾಸ್ತರರು ಕಂಪ್ಯೂಟರಿಗೆ ಮುಸುಕು ಹಾಕಿಸಿ ಬೀಗ ಜಡಿಯುತ್ತಾರೆ, ನಾನು ಕೀಬೋರ್ಡಿನ ಚಿತ್ರವನ್ನು ಹಲಗೆಯ ಮೇಲೆ ಬರೆದು ಕಲಿಸುತ್ತೇನೆ ಎಂದಾಗ ಅವನು ಚಹಾ ಚೆಲ್ಲುವ ಹಾಗೆ ನಕ್ಕ. ಅವಳೂ ನಕ್ಕಳು. ಅಷ್ಟೇ ನಡೆದದ್ದು. ಆದರೆ ಆ ನಗು ಅವಳ ಮನಸ್ಸಿನಲ್ಲಿ ಮನೆ ಮಾಡಿತು. ಮರುವಾರ ಹನ್ನೊಂದು ಎಂಬ ಅಂಕಿ ಬಂದು, ಸೇಡಂನವರು ಒಳ್ಳೆಯ ಮಾತಿನಲ್ಲೇ ಸರಿದುಕೊಂಡಾಗ ಅವಳು ಬಚ್ಚಲಮನೆಯಲ್ಲಿ ನಳ ಬಿಟ್ಟು ಅತ್ತಳು.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ನೆಟ್ಟಗೆ ವಿಠ್ಠಲನ ಅಂಗಡಿಗೆ ಹೋಗಿ, ತನ್ನದೂ ಪ್ರಾಣೇಶನದೂ ವಿವರ ತಾನೇ ತುಂಬಿ ಗುಂಡಿ ಒತ್ತಿದಳು. ಹನ್ನೊಂದು ಬಂತು. ಪುಟದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪುಟದ ಹಿಂದಿನ ಬರಹ ತೋರಿಸುವ ಸೋರ್ಸ್ ತೆರೆದು ನೋಡಿದಳು. ಅಲ್ಲಿ ಏನಿದೆ? ಅಕ್ಷರ ದಪ್ಪ ಮಾಡು, ಬಣ್ಣ ಕೆಂಪು ಮಾಡು, ಹನ್ನೊಂದು ಎಂದು ಬರೆ, ಅಷ್ಟೇ. ಆ ಹನ್ನೊಂದು ಹುಟ್ಟಿದ್ದು ಹೇಗೆಂಬ ಸುಳಿವೇ ಇಲ್ಲ. ಅದು ಹುಟ್ಟುವುದು ಮೂಲೆಯ ದೊಡ್ಡ ಯಂತ್ರದೊಳಗೆ. ಇಲ್ಲಿಗೆ ಬರುವುದು ಸಿದ್ಧವಾದ ಉತ್ತರ ಮಾತ್ರ.

“ಕಾಕಾ, ಈ ಹನ್ನೊಂದು ಹ್ಯಾಂಗ ಬಂತು, ಜರಾ ಒಳಗಿನ ಫೈಲ್ ತೋರಸ್ರಿ,” ಎಂದಳು.

ವಿಠ್ಠಲ ಎಲೆಯಡಿಕೆ ಮೆಲ್ಲುತ್ತ ನಕ್ಕ. “ಅದು ಸರ್ವರ್ ಒಳಗಿಂದವಾ. ಮಡಿ ಅಡಿಗಿಮನಿ ಇದ್ದಂಗ. ನಿಮಗ ಎಲಿ ಮ್ಯಾಲ ಬಡಸಿದ್ದಷ್ಟೇ ಕಾಣಬೇಕು. ಒಲಿ ತನಕಾ ಬಂದು ನೋಡಬಾರ್ದು.”

“ಎಲಿ ಮ್ಯಾಲ ಹುಳಾ ಬಿದ್ದಿದ್ರ ಒಲಿ ತನಕಾ ಹೋಗಲೇಬೇಕಲ್ಲ ಕಾಕಾ.”

“ಭಾಳ ಮಾತಾಡ್ತಿ. ಅದಕ್ಕೇ ಹನ್ನೊಂದು ಬರಾಕತ್ತದ ನಿನಗ,” ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಪ್ರಮಿತಾ ಸೋದರಮಾವನ ಪಂಚಾಂಗ ತಂದು, ಕೋಷ್ಟಕ ನೋಡಿ, ಕೈಯಾರೆ ಕೂಡಿಸಿದಳು. ಇಪ್ಪತ್ತನಾಲ್ಕು ಗುಣ ಬಂತು. ಗ್ರಹಗಳ ಮೇಲೆ ಅವಳಿಗೆ ಭಕ್ತಿಯೇನೂ ಇರಲಿಲ್ಲ. ಆದರೆ ಸುಳ್ಳು ಹೇಳುವವರು ಆ ಗ್ರಹಗಳ ಲೆಕ್ಕವನ್ನಾದರೂ ನೆಟ್ಟಗೆ ಮಾಡಲಿ ಎಂಬುದು ಅವಳ ವಾದ. ಹಾಳೆಯನ್ನು ಅಪ್ಪನ ಮುಂದೆ ಹಿಡಿದಳು.

“ಪಂಚಾಂಗ ನೋಡೋ ಮನುಷ್ಯಾ ತಪ್ತಾನ,” ಎಂದರು ಪವಮಾನಾಚಾರ್ಯರು. “ಕಂಪ್ಯೂಟರ್ ಹ್ಯಾಂಗ ತಪ್ತದ?”

“ಕಂಪ್ಯೂಟರಿಗೆ ಹೇಳಿಕೊಟ್ಟವನೂ ಮನುಷ್ಯಾನೇ ಅಲ್ಲೇನಪ್ಪಾ?”

“ವಿಠ್ಠಲ ಅಂಥಾವ ಅಲ್ಲ.”

ಅಂಥವನಲ್ಲದ ವಿಠ್ಠಲ ಶ್ರಾವಣದಲ್ಲಿ ತಾನಾಗಿ ಮನೆಗೆ ಬಂದ. ಪಾಪ, ಹುಡುಗಿಗೆ ಎಲ್ಲೂ ಕೂಡಿ ಬರಲಿಲ್ಲ, ನನ್ನ ಕರುಳು ಚುರ್ ಅಂತದ ಎಂದು ಮುಖ ಸಣ್ಣದು ಮಾಡಿದ. ಸುಮ್ಮನೆ ನೋಡೋಣ ಎಂದು ನಮ್ಮ ಅಕ್ಕನ ಮಗ ಶ್ರೀಪಾದನ ಜಾತಕ ಹಾಕಿ ನೋಡಿದೆ, ಮೂವತ್ಮೂರು ಗುಣ ಬಂತು, ನನಗೇ ಮೈ ಝುಂ ಅಂತು ಎಂದ. ಆ ಶ್ರೀಪಾದನನ್ನು ಇಡೀ ವಾಡಿ ಬಲ್ಲದು. ಮೂವತ್ತು ದಾಟಿ ಯಾವ ಕಾಲವಾಯಿತೋ. ಮಾವನ ಅಂಗಡಿಯ ಗೋಡೆಬದಿಯ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವುದು ಅವನ ಉದ್ಯೋಗ, ಅದರಲ್ಲೂ ಸೋಲುತ್ತಿದ್ದ. ಪ್ರಮಿತಾಳ ತಾಯಿ ಶಾರದಾಬಾಯಿ ಬೇಡವೆಂದು ತಲೆ ಅಲ್ಲಾಡಿಸಿದರು. ಆದರೆ ಮೂವತ್ಮೂರರ ಮುಂದೆ ತಾಯಿಯ ತಲೆಗೆ ಏನು ಬೆಲೆ? ವಿಜಯದಶಮಿಯ ದಿನ ನಿಶ್ಚಯ ಎಂದು ಪವಮಾನಾಚಾರ್ಯರು ಮಾತು ಕೊಟ್ಟುಬಿಟ್ಟರು. ಪ್ರಮಿತಾ ಎರಡು ದಿನ ಊಟ ಬಿಟ್ಟಳು. ಅಪ್ಪ ಅದನ್ನೂ ಶ್ರಾವಣದ ಉಪವಾಸ ಎಂದುಕೊಂಡರು.

ಮಹಾನವಮಿ ಬಂತು. ಅಂದು ಖಂಡೆ ಪೂಜೆ. ವಾಡಿಯಲ್ಲಿ ಇಂಜಿನ್ನಿಗೂ ಪೂಜೆ, ಸೈಕಲ್ಲಿಗೂ ಪೂಜೆ, ಕತ್ತರಿಗೂ ಪೂಜೆ. ಆಯುಧಕ್ಕೆ ಅಂದು ಕೆಲಸ ಕೊಡಬಾರದು, ಸರಸ್ವತಿಯ ಮುಂದಿಟ್ಟ ಪುಸ್ತಕವನ್ನು ದಶಮಿಯ ತನಕ ಓದಬಾರದು, ಇದು ಮನೆಮನೆಯ ಕಟ್ಟಳೆ. ವಿಠ್ಠಲನಿಗೆ ಇಲ್ಲೊಂದು ಧರ್ಮಸಂಕಟ ಎದುರಾಯಿತು. ಕಂಪ್ಯೂಟರಿಗೆ ಕೆಲಸ ಕೊಡಬಾರದು, ಸರಿ. ಆದರೆ ಪೂಜೆಗೆ ಬಂದವರಿಗೆ ತನ್ನ ಸೈಟಿನ ಮೊದಲ ಪುಟ ಕಾಣಬೇಡವೇ? ಅಲ್ಲಿ ಶಾಲು ಹೊದ್ದ ಅವನದೇ ಫೋಟೋ ಇದೆಯಲ್ಲ! ಯಂತ್ರ ಆರಿಸಿದರೆ ಫೋಟೋ ಹೋಗುತ್ತದೆ, ಆರಿಸದಿದ್ದರೆ ಶಾಸ್ತ್ರ ಹೋಗುತ್ತದೆ. ಅರ್ಧ ಸಂಸ್ಕೃತ, ಅರ್ಧ ಕಂಪ್ಯೂಟರ್ ಕೂಡಿ ಒಂದು ಉಪಾಯ ಹೊಳೆಯಿತು. ಅದನ್ನು ಅವನು ಬಂದವರಿಗೆಲ್ಲ ಪ್ರಸಾದದ ಜೊತೆ ಹಂಚುತ್ತಿದ್ದ.

“ಪುಟಾ ತೋರಸೋದು ಬ್ಯಾರೆ, ಲೆಕ್ಕಾ ಮಾಡೋದು ಬ್ಯಾರೆ,” ಎಂದು ಖಂಡೆಪ್ಪನಿಗೆ ವಿವರಿಸುತ್ತಿದ್ದ. “ಲೆಕ್ಕಾ ಮಾಡೋದಕ್ಕ ಪಿಎಚ್‌ಪಿ ಅಂತಾರ. ಅದೇ ಖರೆ ಆಯುಧ. ಅದಕ್ಕಷ್ಟೇ ಇವತ್ತ ಸೂಟಿ ಕೊಟ್ಟು ಮಲಗಿಸೀನಿ. ಬಾಕಿ ಎಲ್ಲಾ ಚಾಲೂ ಅದ.”

ಖಂಡೆಪ್ಪ ಮಳಿಗೆಯ ಮಾಲೀಕ. ಶಹಾಬಾದದಲ್ಲಿ ಅವನದು ನೆಲಕ್ಕೆ ಹಾಸುವ ಫರ್ಸಿಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. “ನಮ್ಮ ಕಲ್ಲು ಕೊಯ್ಯೋ ಮಶೀನಿಗೂ ಇವತ್ತ ಸೂಟಿನೇರಿ ಆಚಾರ್ರ,” ಎಂದು ಪ್ರಸಾದದ ಮಂಡಾಳು ಬಾಯಿಗೆ ಹಾಕಿಕೊಂಡ.

ಪೂಜೆಗೆಂದು ಅಪ್ಪ-ಅಮ್ಮನ ಜೊತೆ ಬಾಗಿಲು ದಾಟುತ್ತಿದ್ದ ಪ್ರಮಿತಾ ಈ ಮಾತು ಕೇಳಿ ಗಕ್ಕನೆ ನಿಂತಳು. ಪಿಎಚ್‌ಪಿ ಎಚ್ಚರವಿದ್ದರೆ ಫೈಲನ್ನು ತಾನೇ ಓದಿ, ಅದರಲ್ಲಿ ಹೇಳಿದ್ದನ್ನು ಮಾಡಿ, ಉತ್ತರವನ್ನಷ್ಟೇ ಹೊರಗೆ ಬಿಡುತ್ತದೆ. ಅದನ್ನು ಮಲಗಿಸಿ ಪುಟ ತೋರಿಸುವವನನ್ನು ಮಾತ್ರ ಎಚ್ಚರವಿಟ್ಟರೆ ಏನಾಗುತ್ತದೆ? ಅವನಿಗೆ ಆ ಫೈಲು ಬರೀ ಅಕ್ಷರಗಳ ಕಂತೆ. ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ತಂದು ಮುಂದಿಡುತ್ತಾನೆ. ಅಡಿಗೆಯವನು ಮಲಗಿದ್ದಾನೆ, ಅಡಿಗೆಮನೆಯ ಬಾಗಿಲು ಹಾರು ಹೊಡೆದಿದೆ. ಬೀಗ ತೆಗೆದವನು ಮನೆಯ ಯಜಮಾನನೇ, ಅದೂ ಶಾಸ್ತ್ರಕ್ಕೆ ತಪ್ಪದಂತೆ ಅರಿಷಿಣ-ಕುಂಕುಮ ಹಚ್ಚಿ!

ಪ್ರಮಿತಾ ಚೆಂಡುಹೂವಿನ ಮಾಲೆ ಸರಿಸಿ ಒಂದು ಕಂಪ್ಯೂಟರಿನ ಮುಂದೆ ಕೂತಳು. ಶಾಲು ಹೊದ್ದ ವಿಠ್ಠಲ ಪರದೆಯ ಮೇಲೆ ನಗುತ್ತಿದ್ದ. ಅವನ ಕೆಳಗಿದ್ದ ‘ಗುಣ ನೋಡಿ’ ಎಂಬಲ್ಲಿ ಒತ್ತಿದಳು. ಕೆಂಪು ಅಂಕಿ ಬರಲಿಲ್ಲ. ಬಿಳಿಯ ಹಾಳೆಯ ಮೇಲೆ ಕಪ್ಪು ಅಕ್ಷರಗಳು ಸಾಲುಸಾಲಾಗಿ ಇಳಿದವು.

“ಇದೇನ್ರಿ ಆಚಾರ್ರ, ಮಂತ್ರಾ ಏನು?” ಎಂದ ಖಂಡೆಪ್ಪ. ಹಿಂದಿದ್ದ ಮುತ್ತೈದೆಯೊಬ್ಬಳು ಇರಲಿ ಎಂದು ಪರದೆಗೂ ಒಂದು ಬೊಟ್ಟು ಕುಂಕುಮ ಇಡಲು ಕೈ ಚಾಚಿದಳು.

ವಿಠ್ಠಲ ತಿರುಗಿ ನೋಡಿದ. ಕೈಯಲ್ಲಿದ್ದ ಪ್ರಸಾದದ ತಟ್ಟೆ ವಾಲಿತು. “ಏ, ಏ, ಇವತ್ತ ಓದಬಾರ್ದವಾ! ನವಮಿ ಅದ! ಓದಿದ್ರ ವಿದ್ಯಾ ಹೋಗ್ತದ!”

“ಯಾರ ವಿದ್ಯಾ ಹೋಗ್ತದ ನೋಡೇ ಬಿಡೋಣ ಕಾಕಾ,” ಎಂದಳು ಪ್ರಮಿತಾ. ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಇಲ್ಲೆ ಬರ್ರಿ. ಹನ್ನೊಂದು ಹ್ಯಾಂಗ ಹುಟ್ತದ, ನಾ ಕನ್ನಡದಾಗ ಹೇಳ್ತೀನಿ. ಇದು ಹುಡುಗಿ ನಕ್ಷತ್ರ ತಗೊಳ್ಳೋ ಸಾಲು. ಇದು ಹುಡುಗಂದು. ಇವು ರಾಶಿ. ತಗೊಂಡು ಇಲ್ಲೆ ಇಟ್ಟಾರ. ಇಟ್ಟಿದ್ದನ್ನ ಮುಂದ ಎಲ್ಲೂ ಮುಟ್ಟೇ ಇಲ್ಲ.”

“ಅಂದ್ರ?”

“ಅಂದ್ರ ನಕ್ಷತ್ರ ಕೇಳ್ತಾರ, ನೋಡಂಗಿಲ್ಲ. ಈ ಸಾಲು ನೋಡ್ರಿ. ಹತ್ತೊಂಬತ್ತರಿಂದ ಮೂವತ್ತರ ನಡುವ ಯಾವುದರೆ ಒಂದು ಅಂಕಿ ಎತ್ತು ಅಂತ ಬರದಾರ. ಚೀಟಿ ಎತ್ತಿದಂಗ. ಬಂದವರಿಗೆಲ್ಲಾ ಖುಷಿ ಆಗ್ಲಿ ಅಂತ.”

ಹೋದ ವರ್ಷ ಈ ಚೀಟಿಯನ್ನು ನಂಬಿ ಮಕ್ಕಳ ಲಗ್ನ ಮಾಡಿದ ನಾಲ್ಕಾರು ಮಂದಿ ಅಲ್ಲೇ ಇದ್ದರು. ಅವರು ಪರದೆ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎಲ್ಲಾರಿಗೂ ಹತ್ತೊಂಬತ್ತರ ಮ್ಯಾಲ ಇದ್ರ, ನಿನಗ ಹನ್ನೊಂದ್ಯಾಕ?” ಎಂದು ಕೇಳಿದವರು ಶಾರದಾಬಾಯಿ. ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳುವವರು ಅವರೊಬ್ಬರೇ, ಕೇಳಿಸಿಕೊಳ್ಳುವವರು ಇರಲಿಲ್ಲ ಅಷ್ಟೇ.

ಪ್ರಮಿತಾ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲೆ ಅದಮ್ಮ. ಹುಡುಗಿ ಹೆಸರು ಪ್ರಮಿತಾ ಇದ್ರ, ಹುಡುಗ ಯಾರೇ ಇರಲಿ, ಹನ್ನೊಂದು. ಹುಡುಗ ಶ್ರೀಪಾದ ಇದ್ರ ಮಾತ್ರ ಮೂವತ್ಮೂರು.”

ಪವಮಾನಾಚಾರ್ಯರು ಕನ್ನಡಕ ತೆಗೆದು, ಪಂಚೆಯಿಂದ ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ಮಿಕ್ಕಿದ್ದು ಅವರಿಗೆ ತಿಳಿಯುವಂಥದ್ದಲ್ಲ. ಆದರೆ ಮಗಳ ಹೆಸರನ್ನು ಗುರುತಿಸಲು ಯಾವ ಕೋರ್ಸೂ ಬೇಕಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅದು ಸ್ಪಷ್ಟವಾಗಿತ್ತು, ಕೆಳಗಿನ ಸಾಲಿನಲ್ಲಿ ಶ್ರೀಪಾದನದೂ ಇತ್ತು.

“ನನ್ನ ಮಗಳ ಹೆಸರು ಅಲ್ಲೆ ಯಾಕ ಅದ ವಿಠ್ಠಲಾ?”

ವಿಠ್ಠಲ ಮೊದಲು ಅದು ಬರೀ ಟೆಸ್ಟಿಂಗ್ ಎಂದ. ಆಮೇಲೆ ವೈರಸ್ ಬಂದಿದೆ ಎಂದ. ಕೊನೆಗೆ, ಮನೆ ಹುಡುಗಿ ಮನೆಯಲ್ಲೇ ಉಳಿಯಲಿ ಎಂದು ಪ್ರೀತಿಯಿಂದ ಮಾಡಿದೆ ಎಂದ. ಮೂರು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಒಂದಕ್ಕೂ ಗಿರಾಕಿ ಸಿಗಲಿಲ್ಲ. ಶ್ರೀಪಾದ ಗೋಡೆಬದಿಯ ತನ್ನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ, ಹೊರಗಿನ ಪಾನ್ ಅಂಗಡಿಗೆ ನಡೆದ. ಖಂಡೆಪ್ಪ ಮಂಡಾಳಿನ ಕೈ ಜಾಡಿಸಿಕೊಂಡ. “ಒಡಕ ಕಲ್ಲಿಗೆ ಎಷ್ಟ ಪಾಲಿಶ್ ಹೊಡದ್ರೂ ಒಡಕೇರಿ ಅದು,” ಎಂದ. ಆದರೆ ಅವನು ಮಳಿಗೆ ಖಾಲಿ ಮಾಡಿಸಲಿಲ್ಲ. ಜನವೂ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಇಬ್ಬರು ಗಂಡಿನ ತಂದೆಯರು ಹಿತ್ತಲ ಬಾಗಿಲಿಂದ ಬಂದು, ನಮಗೂ ಒಂದು ಸಾಲು ಬರೆದುಕೊಡು ಎಂದು ವಿಠ್ಠಲನನ್ನು ಕೇಳಿಕೊಂಡರಂತೆ. ಬುದ್ಧಿ ಬರುವುದಿದ್ದರೆ ಅದು ಎಂದೋ ಬರುತ್ತಿತ್ತು, ಬಿಡಿ.

ನಿಶ್ಚಯವಂತೂ ಮುರಿಯಿತು. ಪವಮಾನಾಚಾರ್ಯರು ಮನೆಗೆ ಬಂದವರೇ ಮಗಳ ಮುಖ ನೋಡಲಾರದೆ ದೇವರಮನೆಯಲ್ಲಿ ಕೂತರು. ಆಮೇಲೆ ಎದ್ದು ಹೋಗಿ, ಮೂಲೆಯ ಎಸ್‌ಟಿಡಿ ಬೂತಿನಿಂದ ಸೇಡಂಗೆ ಫೋನು ಮಾಡಿದರು. ನಡೆದದ್ದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿ, ನಮ್ಮದು ತಪ್ಪಾಯಿತು ಎಂದರು. ಅಷ್ಟರ ಮಟ್ಟಿಗೆ ಅವರು ದೊಡ್ಡವರೇ. ಪ್ರಾಣೇಶನಿಗೆ ಇನ್ನೂ ಎಲ್ಲಿಯೂ ಮದುವೆ ಗೊತ್ತಾಗಿರಲಿಲ್ಲ. ಅದನ್ನು ಕೇಳಿದಾಗ ಪ್ರಮಿತಾ ಅಡಿಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಸುಳ್ಳೇಕೆ, ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

ಮರುದಿನ ದಶಮಿಯ ಸಂಜೆ ಪ್ರಾಣೇಶ ಬನ್ನಿ ಹಿಡಿದುಕೊಂಡು ತಾನೇ ಬಂದ. ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಶಾರದಾಬಾಯಿ ಹೋಳಿಗೆಯ ಮೇಲೆ ತುಪ್ಪ ಸುರಿದರು. ಪವಮಾನಾಚಾರ್ಯರು ನೀವಿಬ್ಬರೂ ಮಾತಾಡ್ರಿ ಎಂದು ಅಂಗಳದ ಕಟ್ಟೆ ತೋರಿಸಿ, ತಾವು ಒಳಬಾಗಿಲ ಹತ್ತಿರ ನಿಂತರು. ಪ್ರಾಣೇಶ ಕಟ್ಟೆಯ ಮೇಲೆ ಕೂತು ಅದೇ ಚಂದದ ನಗು ನಕ್ಕ.

“ನೀವು ಭಾಳ ಛಲೋ ಮಾಡಿದ್ರಿ. ನಂಗ ಮೊದಲೇ ಗೊತ್ತಿತ್ತು, ಅದೆಲ್ಲಾ ಬೋಗಸ್ ಅಂತ.”

ಪ್ರಮಿತಾಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. “ಗೊತ್ತಿತ್ತಾ?”

“ಹೂಂ. ನಮ್ಮ ಅಪ್ಪನ ಜೋಡಿ ಆ ಅಂಗಡಿಗೆ ಬಂದಾಗ ಸುಮ್ಮನ ನಮ್ಮ ಅಣ್ಣಾ-ವೈನಿದು ಹಾಕಿ ನೋಡಿದೆ. ಒಮ್ಮೆ ಇಪ್ಪತ್ತೆರಡು ಬಂತು. ಮತ್ತ ಅದನ್ನೇ ಹಾಕಿದೆ, ಇಪ್ಪತ್ತೊಂಬತ್ತು ಬಂತು. ಅಷ್ಟೂ ತಿಳೀಲಿಲ್ಲಂದ್ರ ನಾ ಎಂಥಾ ಪ್ರೋಗ್ರಾಮರ್ ಹೇಳ್ರಿ?”

“ಮತ್ತ ಯಾಕ ಹೇಳಲಿಲ್ಲ?”

“ಏನಂತ ಹೇಳೋದ್ರಿ? ಹಿರ್ಯಾರು ಬ್ಯಾಡ ಅಂದ ಮ್ಯಾಲ ಮುಗೀತು. ವಿಠ್ಠಲಾಚಾರ್ರು ನಮ್ಮ ಅಪ್ಪಗ ಪರಿಚಯದವರು. ಯಾಕ ಸುಮ್ಮನ ಗದ್ದಲ ಅಂತ ಬಿಟ್ಟೆ. ಈಗ ಎಲ್ಲಾ ತಾನೇ ಸರಿ ಆಯ್ತಲ್ಲ.”

ತಾನೇ ಸರಿಯಾಯಿತಂತೆ! ಮಳೆ ನಿಂತ ಹಾಗೆ, ಜ್ವರ ಬಿಟ್ಟ ಹಾಗೆ. ಅವಳು ನಳ ಬಿಟ್ಟು ಅತ್ತಾಗ ಈ ಮನುಷ್ಯನಿಗೆ ಎಲ್ಲವೂ ತಿಳಿದಿತ್ತು. ಶ್ರೀಪಾದನಿಗೆ ಅವಳನ್ನು ಕೊಡುವ ಮಾತಾದಾಗಲೂ ತಿಳಿದಿತ್ತು. ಒಂದು ರೂಪಾಯಿಯ ಫೋನಿನಲ್ಲಿ ಮುಗಿಯುವ ಸತ್ಯವನ್ನು ಜೇಬಿನಲ್ಲಿಟ್ಟುಕೊಂಡು, ಅದು ಯಾರಾದರೂ ಬೇರೆಯವರ ಕೈಯಿಂದ ಹೊರಬೀಳಲಿ ಎಂದು ಸೇಡಂನಲ್ಲಿ ಮೂರು ಹೊತ್ತು ಉಂಡು ಮಲಗಿದ್ದ. ಆ ನಗುವನ್ನು ಎಷ್ಟು ಜೋಪಾನ ಮಾಡಿದ್ದಳು! ವಿಠ್ಠಲನಾದರೂ ಅವಳ ಸಲುವಾಗಿ ಕೂತು ಎರಡು ಸಾಲು ಬರೆದಿದ್ದ, ಮೋಸದ್ದೇ ಇರಲಿ. ಇವನು ಅವಳ ಸಲುವಾಗಿ ಒಂದು ಮಾತನ್ನೂ ಆಡಿರಲಿಲ್ಲ.

“ನಾಳಿ ನನ್ನ ಮ್ಯಾಲ ಯಾರರೆ ಸುಳ್ಳು ಹೇಳಿದ್ರ,” ಎಂದಳು ನಿಧಾನಕ್ಕೆ, “ಆಗೂ ಗದ್ದಲ ಬ್ಯಾಡ ಅಂತೀರೇನು?”

ಪ್ರಾಣೇಶನಿಗೆ ಆ ಪ್ರಶ್ನೆಯ ಬುಡವೇ ಸಿಗಲಿಲ್ಲ. ಅವನು ಮತ್ತೊಮ್ಮೆ ನಕ್ಕು, ಜೇಬಿನಿಂದ ಬನ್ನಿಯ ಎಲೆ ತೆಗೆದು ಅವಳ ಮುಂದೆ ಹಿಡಿದ. “ತಗೋರಿ. ಬನ್ನಿ ತಗೊಂಡು ಬಂಗಾರದಂಗ ಇರೋಣು.”

ಹಬ್ಬದ ದಿನ ಯಾರೇ ಕೊಟ್ಟರೂ ಬನ್ನಿ ಬೇಡವೆನ್ನಬಾರದು. ಪ್ರಮಿತಾ ತಗೊಂಡಳು.

“ನೀವು ಬಂಗಾರದಂಗ ಇರ್ರಿ,” ಎಂದಳು. ಆಮೇಲೆ ಒಳಬಾಗಿಲ ಕಡೆ ತಿರುಗಿ, ಅಕ್ಕಪಕ್ಕದ ಮನೆಗೂ ಕೇಳುವಂತೆ ಕೂಗಿದಳು. “ಅಪ್ಪಾ, ಇವರ ಗಾಡಿಗೆ ಹೊತ್ತಾಯ್ತು. ಸ್ಟೇಷನ್ ತನಕಾ ಬಿಟ್ಟು ಬರ್ರಿ.”